ಅಕ್ಕಿಯಲ್ಲಿ ಬರೆದ ಹೆಸರು

ಜೂನ್ 19, ಗುರುವಾರ. ಜಮಖಂಡಿ

ಸೀಟು ಸಿಕ್ಕಿತು, ಸಿಕ್ಕಿತು, ಸಿಕ್ಕೇಬಿಟ್ಟಿತು! ಪುಣೆಯ ವಿಶ್ವವಿದ್ಯಾಲಯ, ಏಷ್ಯಾದ ಭಾಷೆಗಳು ಮತ್ತು ಸಂಸ್ಕೃತಿಗಳ ವಿಭಾಗ, ಎರಡು ವರ್ಷದ ಎಂ.ಎ., ನನ್ನ ವಿಷಯ ಜಪಾನಿ. ಹದಿನೆಂಟು ಸೀಟಿನ ಪಟ್ಟಿಯಲ್ಲಿ ಹನ್ನೊಂದನೆಯ ಹೆಸರು ನನ್ನದು. ಮದುವೆಯಾಗಿ ಇವತ್ತಿಗೆ ಹದಿನೆಂಟು ದಿನ. ಅಲ್ಲೂ ಹದಿನೆಂಟು, ಇಲ್ಲೂ ಹದಿನೆಂಟು! ಇಷ್ಟೊಂದು ಸುಖ ಒಟ್ಟಿಗೇ ಬಂದರೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ಅದಕ್ಕೇ ಈ ಹೊಸ ನೋಟ್‌ಬುಕ್ ತೆರೆದಿದ್ದೇನೆ. ಬೆಳಗಾವಿಯ ಇಂಗ್ಲಿಷ್ ಮೀಡಿಯಂ ಸಾಲಿಯಲ್ಲಿ ಕಲಿತವಳು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ಒತ್ತಕ್ಷರ ಬರುವುದಿಲ್ಲ ಎಂದು ನನ್ನ ಗಂಡ ಕೌಸ್ತುಭ ನಗುತ್ತಾನೆ. ನೋಡಲಿ!

ಕೌಸ್ತುಭ ಮುಧೋಳದ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಬ್ಬಿನ ಹಂಗಾಮು ಶುರುವಾಗುವುದು ದೀಪಾವಳಿಯ ಹೊತ್ತಿಗೆ. ಅಲ್ಲಿಯವರೆಗೆ ಬಹಳ ದಿನ ಮನೆಯಲ್ಲೇ ಇರುತ್ತಾನೆ, ನನ್ನ ಪುಣ್ಯ. ಪಟ್ಟಿಯನ್ನು ಅವನ ಕಣ್ಣೆದುರು ಹಿಡಿದೆ. ಎರಡು ಸಲ ಓದಿದ. "ಖರೇನ ಬಂದದಲ್ಲ," ಅಂದ. ಆಮೇಲೆ ನಕ್ಕ. ಹೆಣ್ಣು ನೋಡಲು ಬಂದ ದಿನ "ಓದೂದು ಬಿಡಸೋ ಮನಿ ಅಲ್ಲ ನಮ್ಮದು" ಎಂದು ಎಲ್ಲರೆದುರು ಹೇಳಿದವನು ಅವನೇ.

ಅತ್ತೆ ಬಾಯಿಗೆ ಸಕ್ಕರೆ ಹಾಕಿದರು. ಮಾವ ತಹಸೀಲ್ದಾರ್ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು; ವಿಶ್ವವಿದ್ಯಾಲಯದ ಪತ್ರವನ್ನು ಪೂರ್ತಿ ಓದಿ ಅದರಲ್ಲಿ ಎರಡು ತಪ್ಪು ಹುಡುಕಿದರು.

ಪಟ್ಟಿಯಲ್ಲಿ ಇರುವುದು ನನ್ನ ಮೊದಲಿನ ಹೆಸರು, ಪೂರ್ವಾ ರಘೂತ್ತಮ ಕುಲಕರ್ಣಿ. ಈ ಮನೆಯಲ್ಲಿ ನಾನು ಹರಿಪ್ರಿಯಾ. ಮದುವೆಯ ದಿನ ಬೆಳ್ಳಿ ತಟ್ಟೆಯಲ್ಲಿ ಅಕ್ಕಿ ಹರಡಿ ಕೌಸ್ತುಭ ಚಿನ್ನದ ಉಂಗುರದಿಂದ ಬರೆದ ಹೆಸರು ಅದು. ಅವನೇ ಆರಿಸಿದ್ದು! ಒಂದೇ ಜನ್ಮದಲ್ಲಿ ಎರಡು ಹೆಸರು, ನಾನೆಷ್ಟು ಶ್ರೀಮಂತೆ.

ಜುಲೈ 18ರೊಳಗೆ ಪುಣೆಯಲ್ಲಿ ಹಾಜರಾಗಬೇಕು. ಬಿ.ಎ. ಮಾಡಿದ ವಿಶ್ವವಿದ್ಯಾಲಯದ ಮೈಗ್ರೇಶನ್ ಸರ್ಟಿಫಿಕೇಟ್ ಒಂದು ಬೇಕು, ಅದಿಲ್ಲದೆ ಸೇರಿಸಿಕೊಳ್ಳುವುದಿಲ್ಲ. ಅರ್ಜಿ ಹಾಕಿಬಿಟ್ಟೆ. ಅಂಚೆಯಲ್ಲಿ ಬರುತ್ತದೆ. ವಿಳಾಸದ ಜಾಗದಲ್ಲಿ ಮೊದಲ ಸಲ "ಜಮಖಂಡಿ" ಎಂದು ಬರೆದೆ. ಎಷ್ಟು ಚೆಂದ ಕಾಣುತ್ತಿತ್ತು!

ಜೂನ್ 21, ಶನಿವಾರ

ಅಂಗಳಕ್ಕೆ ರಂಗೋಲಿ ಹಾಕು ಎಂದು ಅತ್ತೆ ಕಳಿಸಿದರು. ನನಗೆ ರಂಗೋಲಿ ಬರುವುದಿಲ್ಲ, ಜಪಾನಿ ಅಕ್ಷರ ಬರುತ್ತದೆ. ಅದನ್ನೇ ಬರೆದೆ. "ಮನೆ" ಎನ್ನುವ ಅಕ್ಷರ, ಮೊಳದಷ್ಟು ದೊಡ್ಡದು, ನಡುವೆ ಕುಂಕುಮ. ಮಾವ ವಾಕಿಂಗ್ ಮುಗಿಸಿ ಬಂದು ಅಲ್ಲೇ ನಿಂತರು.

"ಇದೇನು ಹರಿಪ್ರಿಯಾ, ಯಂತ್ರ ಬರದೀ ಏನು?"

"ಮನಿ ಅಂತ ಅರ್ಥ ಮಾಮಾ. ಮ್ಯಾಲಿಂದು ಮಾಡು, ಛಾವಣಿ."

"ಕೆಳಗಿಂದು?"

"ಹಂದಿ."

ಅತ್ತೆ ಒಳಗಿನಿಂದಲೇ ಕೇಳಿಸಿಕೊಂಡರು. "ಮುಂಜಾನೆದ್ದು ಬಾಗಲ ಮುಂದ ಹಂದಿ ಬರದಾಳೇನು? ಅದಕ್ಕ ಕುಂಕುಮ ಬ್ಯಾರೆ ಏರಿಸ್ಯಾಳ?"

"ಹಿಂದಿನ ಕಾಲದಾಗ ಮಾಡಿನ ಕೆಳಗ ಹಂದಿ ಸಾಕತಿದ್ರಂತ ಅತ್ಯಾ, ಅದಕ್ಕ—"

"ನಮ್ಮ ಓಣ್ಯಾಗ ಬೇಕಾದಷ್ಟು ಅಡ್ಡಾಡ್ತಾವ. ಅದನ್ನ ಓದ್ಲಿಕ್ಕೆ ಪುಣೆಕ್ಕ ಯಾಕ ಹೋಗಬೇಕು?"

ಮಾವ ಕೆಮ್ಮು ಬರುವಷ್ಟು ನಕ್ಕರು. ನಾನು ಬಿಡಲಿಲ್ಲ. ಪಕ್ಕದಲ್ಲೇ "ಸೊಸೆ" ಎಂದು ಬರೆದು ತೋರಿಸಿದೆ: ಎಡಕ್ಕೆ ಹೆಣ್ಣು, ಬಲಕ್ಕೆ ಮನೆ.

ಅತ್ತೆ ಬಗ್ಗಿ ನೋಡಿದರು. "ಬಾಜೂಕ್ಕ ಯಾಕ ನಿಂತಾಳ? ಒಳಗ ಯಾಕಿಲ್ಲ?"

ಎಂಥ ಪ್ರಶ್ನೆ! ಮೊಬೈಲಿನಲ್ಲಿ ಪಾಠ ಹೇಳಿದ ನಮ್ಮ ಜಪಾನಿ ಮೇಷ್ಟ್ರಿಗೂ ಹೊಳೆದಿರಲಿಲ್ಲ. ಮಾಡಿನ ಕೆಳಗೆ ಹೆಣ್ಣು ಕೂತರೆ ಅದು ಬೇರೆಯೇ ಅಕ್ಷರ, ಅದಕ್ಕೆ ಎರಡು ಅರ್ಥ, ಒಂದು ನೆಮ್ಮದಿ, ಇನ್ನೊಂದು ಅಗ್ಗ, ಎಂದು ಹೇಳಿದೆ.

"ಎರಡೂ ಬರೋಬರಿ ಅದ," ಎಂದು ಅತ್ತೆ ಒಂದು ತಂಬಿಗೆ ನೀರು ಸುರಿದು ಎಲ್ಲ ಅಳಿಸಿ, ಕಮಲ ಬರೆಯಲು ಹೇಳಿಕೊಟ್ಟರು. ಗಂಡನನ್ನು ಹೆಸರು ಹಿಡಿದು ಕರೆಯಬಾರದು ಎಂಬುದನ್ನೂ. ಸರಿ, ಇನ್ನು ಮೇಲೆ ನೋಟ್‌ಬುಕ್ಕಿನಲ್ಲೂ "ಇವರು". ಬರೆಯುವಾಗ ಮೈ ಜುಮ್ ಎನ್ನುತ್ತದೆ.

ಜೂನ್ 25, ಬುಧವಾರ. ಬೆಳಗಾವಿ

ನಾಳೆಯಿಂದ ಆಷಾಢ. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರಬಾರದಂತೆ, ತವರಿಗೆ ಹೋಗಬೇಕಂತೆ. ಒಂದು ತಿಂಗಳು ಇವರನ್ನು ಬಿಟ್ಟು! ನಾನು ಅತ್ತುಬಿಟ್ಟೆ. ಇವರೂ ಮುಖ ತಿರುಗಿಸಿಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯ ಹತ್ತಿರ ನಿಂತು ಒಂದು ತಿಂಗಳಿಗೆ ಹಿಂಗಾದರೆ ಎರಡು ವರ್ಷ ಹೆಂಗ ಎಂದರು. ಪುಣೆಗೆ ರಜೆಯಲ್ಲೆಲ್ಲ ನೀವೇ ಬರಬೇಕು ಎಂದೆ. ಬಸ್ಸು ಹೊರಟಿತು.

ಸರ್ಟಿಫಿಕೇಟ್ ಬಂದ ಕೂಡಲೇ ತಾವೇ ಬೆಳಗಾವಿಗೆ ತಂದುಕೊಡುತ್ತಾರಂತೆ, ಅಲ್ಲಿಂದ ಇಬ್ಬರೂ ಪುಣೆಗೆ. ಅಪ್ಪನ ಮುಂದೆ ಇವರನ್ನು ಹೊಗಳಿ ಹೊಗಳಿ ಸುಸ್ತಾದೆ.

ಜುಲೈ 5, ಶನಿವಾರ

ದಿನಕ್ಕೆ ಇಪ್ಪತ್ತು ಜಪಾನಿ ಅಕ್ಷರ, ಇವರಿಗೆ ಐವತ್ತು ಮೆಸೇಜು! ಇವರ ಗೆಳೆಯ ಜ್ಞಾನೇಶ್ವರ ಚಹಾದ ಅಂಗಡಿಯಲ್ಲಿ "ಏನಲೇ ಕೌಸ್ತುಭ, ಲಗ್ನ ಆದ ಮ್ಯಾಲೂ ಬ್ರಹ್ಮಚಾರಿನ ಏನು? ಹೆಂಡ್ತಿ ಕಲೀಲಿ ಜಪಾನಿ, ನೀ ಕಲಿ ಅಡಗಿ" ಎಂದನಂತೆ. ನಾನು ಫೋನಿನಲ್ಲಿ ಬಿದ್ದು ಬಿದ್ದು ನಕ್ಕೆ. ಆ ಕಡೆಯಿಂದ ಸದ್ದಿರಲಿಲ್ಲ. ಲೈನ್ ಕಟ್ಟಾಯಿತೋ ಏನೋ ಎಂದು "ಹಲೋ, ಹಲೋ" ಅಂದೆ. "ಇದ್ದೀನಿ," ಅಂದರು.

ಜುಲೈ 11, ಶುಕ್ರವಾರ

ಅಂಚೆಯ ವೆಬ್‌ಸೈಟಿನಲ್ಲಿ ನೋಡಿದೆ. ಸರ್ಟಿಫಿಕೇಟ್ ಮೊನ್ನೆಯೇ ಜಮಖಂಡಿ ಮುಟ್ಟಿದೆ. ಅದರ ಕೆಳಗಿನ ಸಾಲು: ಈ ವಿಳಾಸದಲ್ಲಿ ಈ ಹೆಸರಿನವರಿಲ್ಲ, ಕಳಿಸಿದವರಿಗೆ ಹಿಂದಿರುಗಿಸಲಾಗಿದೆ.

ಇವರಿಗೆ ಫೋನ್ ಮಾಡಿದೆ. ಇವರಿಗೂ ಗಾಬರಿ. "ನಾ ಮನ್ಯಾಗ ಇದ್ದಿಲ್ಲ. ಆಯಿ ಬಾಗಲ ತಗದಿರಬೇಕು. ಪೂರ್ವಾ ಅನ್ನೋ ಹೆಸರು ಅಕಿಗೆ ನೆನಪಾಗಿರಲಿಕ್ಕಿಲ್ಲ. ಬೈಬ್ಯಾಡ ಪಾಪ, ವಯಸ್ಸಾಗ್ಯದ," ಎಂದರು. ಇಂಥ ಹೊತ್ತಿನಲ್ಲೂ ತಾಯಿಯ ಮೇಲೆ ಎಷ್ಟು ಮಮತೆ.

ಅತ್ತೆಗೆ ಫೋನ್ ಮಾಡಿ, ಲಕೋಟೆ ಬಂದಿತ್ತೇ ಎಂದು ಕೇಳಿದೆ. "ಲಕೋಟಿ?" ಅಂದರು. "ಹೂಂ. ಬಂದಿತ್ತು. ನನಗ ತಿಳೀಲಿಲ್ಲ," ಅಂದರು. ಅಷ್ಟೇ. ಪಶ್ಚಾತ್ತಾಪದ ಒಂದು ಮಾತೂ ಇಲ್ಲ. ಅವರಿಗೆ ತಿಳಿಯಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ. ಹಂದಿಯನ್ನು ನೀರು ಸುರಿದು ಅಳಿಸಿದ ಹಾಗೆ ಇದನ್ನೂ ಅಳಿಸಿದ್ದಾರೆ.

ಜುಲೈ 14, ಸೋಮವಾರ

ನಾನು ಬಿ.ಎ. ಮಾಡಿದ ಇಲ್ಲಿನ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಬಂದೆ. ಹಿಂದಿರುಗಿದ ಅಂಚೆ ಅಲ್ಲಿಗೆ ಇನ್ನೂ ತಲುಪಿಲ್ಲ. ಅದು ಬಂದ ಮೇಲೆ ಕೊಡುತ್ತಾರೆ. ಅದು ದಾರಿಯಲ್ಲಿರುವಾಗ ಇನ್ನೊಂದು ಪ್ರತಿ ಕೊಡುವಂತಿಲ್ಲ.

ಪುಣೆಯ ವಿಭಾಗಕ್ಕೂ ಫೋನ್ ಮಾಡಿದೆ. ಅಲ್ಲಿನ ಕಚೇರಿಯ ವೈಶಾಲಿ ಮೇಡಂ ಒಳ್ಳೆಯವರು, ನನ್ನ ಮರಾಠಿ ಕೇಳಿ ಕರಗಿದರು. ಆದರೆ ಕೈಯಲ್ಲಿ ಕಾಗದವಿಲ್ಲದೆ ಏನೂ ಮಾಡಲಾಗದು ಎಂದರು.

ಜುಲೈ 18, ಶುಕ್ರವಾರ

ಇವತ್ತು ಸಂಜೆ ಐದಕ್ಕೆ ಮುಗಿಯಿತು. ನನ್ನ ಸೀಟು ಹತ್ತೊಂಬತ್ತನೆಯವರಿಗೆ ಹೋಯಿತು. ಯಾರಾದರೂ ಬಿಟ್ಟುಹೋದರೆ ಮೊದಲು ನನಗೇ ಫೋನ್ ಮಾಡುವುದಾಗಿ ವೈಶಾಲಿ ಮೇಡಂ ಹೇಳಿದ್ದಾರೆ.

ಜುಲೈ 24, ಗುರುವಾರ

ಸರ್ಟಿಫಿಕೇಟ್ ಸಿಕ್ಕಿತು. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ಅದೇ ಸಾಲು. ಅಪ್ಪ ಅದನ್ನು ನೋಡಿ ಮುಖ ತಿರುಗಿಸಿ, "ಹೋಗ್ಲಿ ಬಿಡು. ಮುಂದಿನ ವರ್ಷ ನೋಡಿದ್ರಾಯ್ತು. ಕೊಟ್ಟ ಮನಿ ಅದು, ಹೊಂದಿಕೊಂಡು ಹೋಗು" ಎಂದರು. ಅಕ್ಷರ ಬರೆಯುವುದನ್ನು ಬಿಟ್ಟಿದ್ದೆ. ಇವತ್ತು ಹತ್ತು ಬರೆದೆ.

ಜುಲೈ 29, ಮಂಗಳವಾರ

ನಾಗರಪಂಚಮಿ, ಅದೇ ದಿನ ನನ್ನ ಮೊದಲ ಮಂಗಳಗೌರಿ! ಇವರು ಬಂದಿದ್ದಾರೆ! ಶ್ರಾವಣದ ಎಲ್ಲ ಮಂಗಳವಾರವೂ ಹೊಸ ಮದುಮಗಳು ಗಂಡನ ಆಯುಷ್ಯಕ್ಕಾಗಿ ಗೌರಿಯನ್ನು ಪೂಜಿಸಬೇಕು. ಮೊದಲನೆಯದು ತವರಿನಲ್ಲಿ, ಮುಂದಿನದು ಜಮಖಂಡಿಯಲ್ಲಿ. ಹದಿನಾರು ಮುತ್ತೈದೆಯರನ್ನು ಅತ್ತೆ ಆಗಲೇ ಕರೆದಿದ್ದಾರಂತೆ.

ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಎಲ್ಲರೂ ಗಂಟುಬಿದ್ದರು. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಅಲ್ಲೇ ಕಟ್ಟಿ ಹೇಳಿದೆ:

ಬೆಳ್ಳಿ ಬಟ್ಟಲದಾಗ ಬೆಳಗಾವಿ ಕುಂದಾ,
ಕೌಸ್ತುಭರಾಯರು ನಕ್ಕರ ಭಾಳ ಛಂದಾ!

ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ನಕ್ಕರು, ಖರೇನೇ ಛಂದ ನಕ್ಕರು. ಹೋದ ಸೀಟು ಹೋಯಿತು. ಇಂಥ ಗಂಡ ಎಲ್ಲರಿಗೂ ಸಿಗುತ್ತಾನೆಯೇ? ಮಧ್ಯಾಹ್ನ ಫೋನು ಸದ್ದಾದಾಗ ಮಾತ್ರ ಪುಣೆಯದೇನೋ ಎಂದು ಓಡಿದೆ. ಅಲ್ಲ.

ಆಗಸ್ಟ್ 1, ಶುಕ್ರವಾರ. ಜಮಖಂಡಿ

ಬಂದೆವು. ದಾರಿಯುದ್ದಕ್ಕೂ ಕಬ್ಬು ಆಳೆತ್ತರ. ಹಿಪ್ಪರಗಿ ಬ್ಯಾರೇಜಿನ ಗೇಟು ಎತ್ತಿದ್ದಾರಂತೆ, ಬಸ್ಸಿನಲ್ಲೆಲ್ಲ ಅದೇ ಮಾತು.

ಅತ್ತೆಯೊಡನೆ ಮಾತು ಬೇಕಾದಷ್ಟೇ. ಅವರು "ಉಣ್ಣು" ಎಂದರೆ ಉಣ್ಣುತ್ತೇನೆ. ಲಕೋಟೆಯ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವರು ಇಬ್ಬರ ನಡುವೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಉಂಡರು.

ಆಗಸ್ಟ್ 2, ಶನಿವಾರ

ಮಾವನಿಗೆ ಒಂದು ಸ್ಪೀಡ್ ಪೋಸ್ಟ್ ಬಂತು. ಬಾಗಿಲಿಗೆ ನಾನು ಹೋದೆ. ಪೋಸ್ಟ್‌ಮನ್ ಯಮನಪ್ಪ ಈ ಓಣಿಗೆ ಇಪ್ಪತ್ತು ವರ್ಷದಿಂದ ಬರುವವನು. ಮೊಬೈಲಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡಿ ಎಂದ. ರೂಢಿಯ ಮೇಲೆ ಮೊದಲಿನ ಸಹಿ ಮಾಡಿಬಿಟ್ಟೆ. ಅವನು ಅದನ್ನು ಓದಿ ನನ್ನ ಮುಖ ನೋಡಿದ.

"ಅಯ್ಯ ಶಿವನ! ಪೂರ್ವಾ ಅಂದ್ರ ನೀವೇನ್ರಿ ವೈನ್ಯಾರ? ಹ್ವಾದ ತಿಂಗಳ ಆ ಹೆಸರಿಗೆ ದೊಡ್ಡದೊಂದು ಲಕೋಟಿ ಬಂದಿತ್ತಲ್ರಿ. ತಿರುಗಿ ಕಳಸಿನಿ."

"ಗೊತ್ತದ. ನಮ್ಮ ಅತ್ತಿಯವರಿಗೆ ತಿಳೀಲಿಲ್ಲ."

"ಬಾಯಾರು ಎಲ್ಲಿದ್ರಿ ಅವತ್ತು? ಅವರು ಚಿಕ್ಕಪಡಸಲಗಿಗೆ ಅಕ್ಕನ ಮನಿಗೆ ಹೋಗಿದ್ರು, ಬಸ್ ಹತ್ತೂದನ್ನ ನಾನ ನೋಡೀನಿ. ಬಾಗಲಕ್ಕ ಬಂದಾವ್ರು ಕೌಸ್ತುಭರಾಯರು. ಲಕೋಟಿ ಕೈಯಾಗ ಹಿಡದ್ರು, ಹಿಂದ ಮುಂದ ತಿರುವಿ ನೋಡಿದ್ರು. ‘ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಯಮನಪ್ಪಾ, ಒಯ್ಯಿ’ ಅಂದ್ರು. ಹೊಸಾ ಸೊಸಿದು ಏನ್ರಿ ಅಂತ ನಾನೂ ಕೇಳಿನ್ರಿ. ‘ಅಕಿ ಹೆಸರು ಹರಿಪ್ರಿಯಾ’ ಅಂದ್ರು. ಅದೂ ಖರೇನ ಐತಲ್ರಿ?"

"ಖರೆ ಅದ," ಅಂದೆ.

"ನನ್ನ ಮ್ಯಾಲ ಏನೂ ಬರೂದಿಲ್ಲಲ್ರಿ? ನಾ ಬರ್ತೇನ್ರಿ."

ಮಾವನ ಲಕೋಟೆಯನ್ನು ಮಾವನಿಗೆ ಕೊಟ್ಟೆ. ಶೇಂಗಾ ಸುಲಿದೆ. ಏನೋ ಗೊಂದಲವಾಗಿರಬೇಕು. ಯಮನಪ್ಪನಿಗೂ ವಯಸ್ಸಾಗಿದೆ.

ಆಗಸ್ಟ್ 3, ಭಾನುವಾರ

ಯಮನಪ್ಪನಿಗೆ ಗೊಂದಲವಾಗಿಲ್ಲ.

ಕೌಸ್ತುಭ ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ. ಜಗಳ ಮಾಡುವ ಹಾಗೆ ಕೇಳಬಾರದು ಎಂದು ನಿರ್ಧರಿಸಿ ಚಹಾ ಒಯ್ದು ಕೊಟ್ಟು, "ಅವತ್ತು ಲಕೋಟಿ ನೀವ ತಿರುಗಿ ಕಳಸಿದ್ರಂತ?" ಎಂದೆ.

ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿದ. ಮತ್ತೆ ಅದ್ದಿದ.

"ಏನು ಸುಳ್ಳು ಹೇಳೀನಿ ನಾನು? ಪೂರ್ವಾ ಅಂತ ಈ ಮನ್ಯಾಗ ಯಾರಿದ್ದಾರ? ಭಟ್ಟರ ಮುಂದ, ಮಂದಿ ಮುಂದ ನಾನ ಅಕ್ಕಿಯೊಳಗ ಹೆಸರು ಬರದೀನಿ."

"ನೀವ ಅಂದಿದ್ರಿ, ಓದೂದು ಬಿಡಸೋ ಮನಿ ಅಲ್ಲ ಅಂತ."

"ಹೆಣ್ಣು ನೋಡ್ಲಿಕ್ಕೆ ಬಂದಾಗ ಮತ್ತೇನನಬೇಕು? ಆ ಸೀಟು ನಿನಗ ಸಿಗೂದಿಲ್ಲ ಅಂದ್ಕೊಂಡಿದ್ದೆ. ಬೆಳಗಾವಿಯೊಳಗ ಮೊಬೈಲ್ ನೋಡಿ ಜಪಾನಿ ಕಲ್ತಾಕಿಗೆ ಪುಣೆಯವರು ಕರದು ಸೀಟು ಕೊಡ್ತಾರಂತ ಯಾರಿಗೆ ಗೊತ್ತಿತ್ತು?" ಆಮೇಲೆ ದನಿ ಇಳಿಸಿದ. "ಎರಡು ವರ್ಷ, ಹರಿಪ್ರಿಯಾ. ಊರಾಗ ನಾ ಹ್ಯಾಂಗ ಮಾರಿ ತೋರಸ್ಲಿ? ನೀ ಹ್ವಾದಿ ಅಂದ್ರ ತಿರುಗಿ ಬರ್ತೀ ಏನು ಇಲ್ಲಿ?"

"ಮತ್ತ ಅತ್ಯಾರ ಮ್ಯಾಲ ಯಾಕ ಹಾಕಿದ್ರಿ?"

"ಆಯಿ ಏನೂ ಅನ್ಕೊಳ್ಳೂದಿಲ್ಲ."

ಅವನ ಕಣ್ಣು ತುಂಬಿದ್ದವು. ನನಗೆ ಪಾಪ ಅನ್ನಿಸಿತು. ಹೆದರಿದ್ದಾನೆ, ಪ್ರೀತಿಯಿಂದಲೇ ಹೆದರಿದ್ದಾನೆ. ಚಹಾ ಆರಿತ್ತು, ಬಿಸಿ ಮಾಡಿ ತಂದುಕೊಟ್ಟೆ. ಕುಡಿದ. ಮಧ್ಯಾಹ್ನ ಅಕ್ಷರ ಬರೆಯಲು ಕೂತೆ. ನಲವತ್ತು ಬರೆದಿದ್ದೇನೆ, ಗೊತ್ತೇ ಆಗಲಿಲ್ಲ.

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಹತ್ತೂವರೆಗೆ ವೈಶಾಲಿ ಮೇಡಂ ಫೋನ್. ಒಬ್ಬ ಹುಡುಗ ಬಿಟ್ಟುಹೋಗಿದ್ದಾನೆ, ಒಂದು ಸೀಟು ಇದೆ. ನಾಳೆ ಸಂಜೆ ಐದರೊಳಗೆ ಮೂಲ ಕಾಗದಗಳೊಂದಿಗೆ ನಾನೇ ಅಲ್ಲಿರಬೇಕು. ಐದಾದ ಮೇಲೆ ಪಟ್ಟಿಯ ಮುಂದಿನವರಿಗೆ. ಬರುವುದು ಖಚಿತವಾದರೆ ತಿಳಿಸಿ ಎಂದರು.

ರಾತ್ರಿಯ ಪುಣೆಯ ಬಸ್ಸು ನೋಡಿದೆ, ಹಬ್ಬದ ಗದ್ದಲ, ಎಲ್ಲ ತುಂಬಿವೆ. ನಸುಕಿನಲ್ಲಿ ಮೀರಜಕ್ಕೆ ಬಸ್ಸು ಇದೆ. ಅಲ್ಲಿಂದ ರೈಲು.

ಕೌಸ್ತುಭನಿಗೆ ಹೇಳಿದೆ. "ನಾಳಿ ನನ್ನ ಆಯುಷ್ಯದ ಪೂಜಿ," ಅಂದ. "ಗೊತ್ತದ," ಅಂದೆ. "ಹ್ವಾದ್ರ ಹೋಗು. ನಾ ಬಸ್‌ಸ್ಟ್ಯಾಂಡಿಗೂ ಬರೂದಿಲ್ಲ. ಆಮ್ಯಾಲೆ ನನ್ನ ಕೇಳಬ್ಯಾಡ," ಎಂದು ಬೈಕು ತೆಗೆದುಕೊಂಡು ಮುಧೋಳಕ್ಕೆ ಹೋದ. ಅಲ್ಲಿ ಈಗ ಕೆಲಸವಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಪೂಜೆ ಬಿಟ್ಟು ಬರುವುದಾದರೆ ಬೆಳಗಾವಿಯ ಮನೆಗೂ ಬರಬೇಡ ಎಂದರು. ಅಮ್ಮನಿಗೆ ಫೋನ್ ಕೊಡಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ನಾಳೆಗೆ ತಂಬಿಟ್ಟಿನ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಹೋಗಿ ಕೂತೆ. ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ, ತಪ್ಪಾಯಿತು ಎಂದೆ.

"ಪಡಲಿ ಅಂತನ ನಾ ಹೂಂ ಅಂದಿದ್ದು. ಮಗ ಎದುರಿಗೆ ನಿಂತಿದ್ದ. ಅವನ ಮಾರಿ ನೋಡಿದೆ, ಹೂಂ ಅಂದೆ." ಜರಡಿ ನಿಲ್ಲಿಸಲಿಲ್ಲ. "ನನ್ನ ಹೆಸರೂ ಹಿಂಗನ ಅಕ್ಕಿಯೊಳಗ ಬರದಿದ್ರು, ಅಲಕಾ ಅಂತ. ಮೊದಲಿನ ಹೆಸರಿಲೆ ಕರಿಯಾವ ನಮ್ಮಣ್ಣ, ದಾದಾ, ಒಬ್ಬನ ಇದ್ದ. ಅವನೂ ಹ್ವಾದ."

"ಏನಿತ್ತು ಅತ್ಯಾ, ಹೆಸರು?"

"ಅದನ್ಯಾಕ ಈಗ." ಹಿಟ್ಟನ್ನು ತಟ್ಟಿ ಗುಡ್ಡೆ ಮಾಡಿದರು. "ನೋಡು, ನೀ ಹೋಗಬೇಕು ಅಂತ ನಾ ಅನ್ನೂದಿಲ್ಲ. ಮೊದಲನೇ ವರ್ಷದ ಪೂಜಿ ಬಿಟ್ಟು ಹೊಸ್ತಲಾ ದಾಟಿದಾಕಿನ್ನ ತಿರುಗಿ ಒಳಗ ಕರಕೊಳ್ಳೂದು ನನ್ನ ಕೈಯಾಗಿಲ್ಲ, ನಿಮ್ಮ ಮಾಮಾ ಒಪ್ಪೂದಿಲ್ಲ. ನಾಳಿ ಹದಿನಾರು ಮಂದಿ ಬರ್ತಾರ. ಹರಿಪ್ರಿಯಾ ಎಲ್ಲಿ ಅಂತ ಕೇಳಿದ್ರ ಏನು ಹೇಳ್ಲಿ?"

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಹೇಳ್ರಿ."

ಹಾಗೆ ಅನ್ನಬಾರದಿತ್ತು. ಬಾಯಿಂದ ಬಂದುಬಿಟ್ಟಿತು. ಅತ್ತೆ ನನ್ನನ್ನು ನೋಡಿದರು. ಸಿಟ್ಟೋ ಏನೋ ತಿಳಿಯಲಿಲ್ಲ. ಆಮೇಲೆ ಜರಡಿಯನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ಉಳಿದ ಹಿಟ್ಟನ್ನೆಲ್ಲ ನಾನೇ ಜರಡಿ ಹಿಡಿದು ಡಬ್ಬಿಗೆ ತುಂಬಿಟ್ಟೆ.

ಕಾಗದಗಳು ಚೀಲದಲ್ಲಿವೆ. ಎರಡು ಸೀರೆ, ನಾಲ್ಕು ಡ್ರೆಸ್, ನಿಘಂಟು. ಹಸಿರು ಬಳೆ ಕೈಯಲ್ಲೇ ಇರಲಿ. ಕೌಸ್ತುಭನ ಅಂಗಿ ಇಸ್ತ್ರಿ ಮಾಡಿ ಕಪಾಟಿನಲ್ಲಿ ಮೇಲೆ ಇಟ್ಟಿದ್ದೇನೆ, ನಾಳೆ ಹುಡುಕಬಾರದು.

ರೈಲು ಪುಣೆ ತಲುಪುವ ಹೊತ್ತು ನಾಲ್ಕರ ಆಚೀಚೆ. ತಡವಾದರೆ ಸೀಟೂ ಇಲ್ಲ. ವೈಶಾಲಿ ಮೇಡಂ ಇನ್ನೊಮ್ಮೆ ಫೋನ್ ಮಾಡಿ, ಗಂಡ ಕರೆದುಕೊಂಡು ಬರುತ್ತಾರಾ ಎಂದು ಕೇಳಿದರು. ಇಲ್ಲ, ಒಬ್ಬಳೇ ಎಂದೆ. ಹಾಗಾದರೆ ಯಾವಾಗ, ಯಾವ ಗಾಡಿಗೆ ಎಂದು ಬರೆದು ಕಳಿಸಿ, ವಿಭಾಗದ ಬಾಗಿಲಲ್ಲಿ ಕಾವಲಿನವರಿಗೆ ಹೇಳಿಡುತ್ತೇನೆ ಎಂದರು. ಬರೆದು ಕಳಿಸಿದೆ: ಮಂಗಳವಾರ, ಕೊಯ್ನಾ ಎಕ್ಸ್‌ಪ್ರೆಸ್.